ಚೆಂಡಿಲ್ಲದ ಅಭ್ಯಾಸ

ಪಕ್ಕದ ಮನೆಯವರು ಚೆಂಡು ಎಸೆದ ಮೇಲೆ ಎರಡು ಹೆಜ್ಜೆ ಮುಂದಕ್ಕೆ ಬರುತ್ತಿದ್ದರು. ಆ ಮಧ್ಯಾಹ್ನ ನಾನು ಅದನ್ನು ಎರಡು ಸಲ ನೋಡಿದೆ. ಎರಡು ಸಲವೂ ಏನೂ ಹೇಳಲಿಲ್ಲ. ಮೂರನೆಯ ಸಲ ನನ್ನ ಮಗ ಹೊಡೆದ ಚೆಂಡು ನೇರವಾಗಿ ಹೋಗಿ ಅವರ ಎಡಗಣ್ಣಿನ ಮೇಲಿನ ಮೂಳೆಗೆ ಬಡಿಯಿತು.

ಎರಡು ಶಬ್ದಗಳು. ಮೊದಲನೆಯದು ಅಲ್ಯೂಮಿನಿಯಂ ಬ್ಯಾಟಿನ ಟಣ್. ಎರಡನೆಯದಕ್ಕೆ ನನಗೆ ಇನ್ನೂ ಅಕ್ಷರ ಸಿಕ್ಕಿಲ್ಲ. ಎರಡರ ನಡುವೆ ಅರ್ಧ ಸೆಕೆಂಡ್ ಕೂಡ ಇದ್ದಿರಲಾರದು. ಆದರೂ ಇಷ್ಟು ವರ್ಷಗಳಾದ ಮೇಲೂ ಆ ಅರ್ಧ ಸೆಕೆಂಡ್ ನನ್ನೊಳಗೆ ಬಹಳ ಹೊತ್ತು ನಡೆಯುತ್ತದೆ. ಸಿಗ್ನಲ್‌ನಲ್ಲಿ ಕಾರು ನಿಂತಾಗ, ಹಲ್ಲುಜ್ಜುವಾಗ, ಯಾರೋ ಪಾತ್ರೆ ಬೀಳಿಸಿದಾಗ.

ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕಡೆಯ ಹೊಸ ಅಪ್ಪಂದಿರು ಈಗ ಮಕ್ಕಳನ್ನು ಬೇಸ್‌ಬಾಲ್‌ಗೆ ಸೇರಿಸುತ್ತಾರೆ. ನಮ್ಮ ಮಗನ ಹೈಸ್ಕೂಲ್ ತಂಡ ಆ ವರ್ಷ ಚೆನ್ನಾಗಿ ಆಡಿತ್ತೆಂದು ಯಾರಿಂದಲೋ ಕೇಳಿ, "ಒಳ್ಳೆ ಟೀಮ್ ಆಗಕ್ಕೆ ಏನ್ ಬೇಕು ಸಾರ್?" ಎಂದು ವಿಚಾರಿಸುತ್ತಾರೆ. ಒಳ್ಳೆಯ ಕೋಚ್ ಬೇಕು ಎಂದು ಹೇಳಿ ಮಾತು ಬದಲಿಸುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಆ ಎರಡನೆಯ ಶಬ್ದದ ಮೂಲಕವೇ ಹೋಗಬೇಕು. ಪಾರ್ಟಿಯಲ್ಲಿ ತಟ್ಟೆ ಹಿಡಿದು ನಿಂತು ಅದನ್ನು ಹೇಳಲಾಗುವುದಿಲ್ಲ.

ಅದು ರಿಸೆಷನ್ ವರ್ಷ. ಡೆಟ್ರಾಯ್ಟ್‌ನ ಕಾರು ಕಂಪನಿಗಳು ಕೆಮ್ಮಿದರೆ ರಾಚೆಸ್ಟರ್ ಹಿಲ್ಸ್‌ನ ನಮಗೆಲ್ಲ ಜ್ವರ ಬರುತ್ತಿದ್ದ ಕಾಲ. ನಾನು ಬ್ರೇಕ್ ಬಿಡಿಭಾಗಗಳ ಎಂಜಿನಿಯರ್, ಪಕ್ಕದ ಮನೆಯವರು ಕಾರಿನ ಸೀಟುಗಳನ್ನು ವಿನ್ಯಾಸ ಮಾಡುತ್ತಿದ್ದವರು. ಒಂದೇ ಚಳಿಗಾಲದಲ್ಲಿ ಇಬ್ಬರೂ ಕೆಲಸ ಕಳೆದುಕೊಂಡು ಮನೆಗೆ ಬಂದೆವು. ನಾನು ಮೈಸೂರಿನವನು, ಅವರು ಹುಬ್ಬಳ್ಳಿಯವರು. ಎರಡು ಮನೆಗಳ ಮುಂದಿನ ಹಿಮವನ್ನು ಇಬ್ಬರೂ ಸೇರಿ ಎತ್ತಿಹಾಕುತ್ತಿದ್ದೆವು. ಆ ವರ್ಷ ಹಿಮ ನಮ್ಮಷ್ಟು ಶ್ರದ್ಧೆಯ ಕೆಲಸಗಾರರನ್ನು ಕಂಡಿರಲಿಲ್ಲ.

ಮಗ ಆಗ ಹನ್ನೊಂದನೇ ತರಗತಿ, ಶಾಲೆಯ ತಂಡದಲ್ಲಿದ್ದ. ಶಾಲೆಯವರು ಸಹಾಯಕ ಕೋಚ್ ಹುದ್ದೆಯನ್ನು ತೆಗೆದುಹಾಕಿದ್ದರು. ಉಳಿದಿದ್ದ ಒಬ್ಬ ಕೋಚ್, ಅರವತ್ತರ ಹತ್ತಿರದ ಇತಿಹಾಸದ ಮೇಷ್ಟ್ರು, ಪೋಷಕರಿಗೆ ಈಮೇಲ್ ಬರೆದರು: ಮಧ್ಯಾಹ್ನ ಮೂರು ಗಂಟೆಗೆ ಬಿಡುವಿರುವವರು ಬಂದು ಸಹಾಯ ಮಾಡಬಹುದೇ? ಆ ವರ್ಷ ನಮ್ಮೂರಿನಲ್ಲಿ ಮಧ್ಯಾಹ್ನ ಮೂರಕ್ಕೆ ಬಿಡುವಿರುವ ಅಪ್ಪಂದಿರಿಗೆ ಬರವಿರಲಿಲ್ಲ.

ಪಕ್ಕದವರ ಮಗಳು ಇನ್ನೂ ಮೂರನೇ ಕ್ಲಾಸ್. ಅವರು ಬರಬೇಕಾದ ಕಾರಣವೇ ಇರಲಿಲ್ಲ. ಕರೆದವನು ನಾನು.

"ಬರ್ತೀರಾ? ಮನೇಲಿ ಕೂತು ಏನ್ ಮಾಡ್ತೀರಾ?"

"ಮನ್ಯಾಗ ಕುಂತ್ರ ನಮ್ಮಾಕಿ ಕೆಲಸ ಹಚ್ತಾಳ್ರಿ. ಈ ವಾರದಾಗ ಗ್ಯಾರೇಜ್ ಎರಡು ಸಲ ಕ್ಲೀನ್ ಮಾಡೇನಿ. ಚೆಂಡು ಒಗಿಯೂದಿದ್ರ ಬರ್ತೇನಿ ನೋಡ್ರಿ. ಹೆಕ್ಕಾಕ ಅಲ್ಲ ಮತ್ತ."

"ಹೆಕ್ಕೋರೂ ಬೇಕಲ್ಲ ಸ್ವಾಮಿ."

"ಅದಕ್ಕ ಮೈಸೂರ ಮಂದಿ ಅದಾರಲ್ರಿ."

ಅವರು ಕಾಲೇಜಿನಲ್ಲಿ ಮೀಡಿಯಂ ಪೇಸ್ ಬೌಲರ್ ಆಗಿದ್ದವರು. ಅದನ್ನು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಮೊದಲ ದಿನ ನಾವು ಹೋದಾಗ ಮಾರ್ಚ್ ತಿಂಗಳು. ಹೊರಗೆ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಮೈದಾನದ ಅಂಚಿನಲ್ಲಿ ಹಿಮ ಕಪ್ಪಗಾಗಿ ಬಿದ್ದಿತ್ತು. ಅಭ್ಯಾಸ ಜಿಮ್‌ನ ಒಳಗೆ. ಬಾಗಿಲಿನ ಗಾಜಿನಿಂದ ಇಣುಕಿದೆವು. ಒಂಬತ್ತು ಹುಡುಗರು ಮರದ ನೆಲದ ಮೇಲೆ ತಮ್ಮ ತಮ್ಮ ಜಾಗಗಳಲ್ಲಿ ನಿಂತಿದ್ದರು. ಕೋಚ್ ಬ್ಯಾಟ್ ಬೀಸಿದರು. ಒಬ್ಬ ಬಗ್ಗಿ ಹಿಡಿದ, ತಿರುಗಿ ಎಸೆದ, ಇನ್ನೊಬ್ಬ ಕೈ ಚಾಚಿ ತೆಗೆದುಕೊಂಡ. ಉಳಿದ ಏಳು ಜನವೂ ಎಲ್ಲಿಗೋ ಓಡಿದರು. ಆಮೇಲೆ ಗೊತ್ತಾಯಿತು, ಚೆಂಡೇ ಇಲ್ಲ.

"ಚೆಂಡಿಲ್ರೀ!" ಎಂದರು ಪಕ್ಕದವರು. "ಎಲಿ ಹಾಕ್ಯಾರ, ಕುಂದ್ರಿಸ್ಯಾರ, ಬಡಿಸಾಕತ್ತಾರ. ಅನ್ನಾನ ಇಲ್ಲ."

ನಾನೂ ನಕ್ಕೆ. ಒಳಗೆ ಹೋಗಿ ಗೋಡೆಗೆ ಒರಗಿ ಕೂತೆವು. ಒಂದು ಗಂಟೆ ಹಾಗೆಯೇ ನಡೆಯಿತು. ಕೋಚ್ ಸಣ್ಣ ದನಿಯಲ್ಲಿ ಒಂದೊಂದು ಸನ್ನಿವೇಶ ಹೇಳುತ್ತಿದ್ದರು. ಎಡಕ್ಕೆ ಎತ್ತರದ ಹೊಡೆತ. ಎರಡನೇ ಬೇಸ್‌ಗೆ ಎಸೆತ, ಕೈತಪ್ಪಿತು. ಪ್ರತಿ ಸಲವೂ ಒಂಬತ್ತು ಜನ ಒಂಬತ್ತು ಕಡೆಗೆ ಓಡುತ್ತಿದ್ದರು. ಯಾರಾದರೂ ನಿಂತಲ್ಲೇ ನಿಂತರೆ ಕೋಚ್ ಬೈಯುತ್ತಿರಲಿಲ್ಲ. ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಚೆಂಡು ನಿನ್ನ ಕಡೆ ಬರದೇ ಇದ್ದಾಗ ನಿನ್ನ ಜಾಗ ಯಾವುದು?

ನನ್ನ ಮಗನದು ಬಲಬದಿಯ ಔಟ್‌ಫೀಲ್ಡ್, ಅಂದರೆ ಹೊಡೆತಗಳು ಕಡಿಮೆ ಬರುವ ಮೂಲೆ. ಹತ್ತಿರ ನಿಂತ ಫೀಲ್ಡರುಗಳು, ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ ಎಸೆದಾಗಲೆಲ್ಲ ಅವನು ಆ ಬೇಸ್‌ನ ಹಿಂದಕ್ಕೆ ಓಡಿಬರಬೇಕು. ಎಸೆತ ತಪ್ಪಿದರೆ ಹಿಡಿಯುವುದಕ್ಕೆ. ಎಸೆತ ತಪ್ಪುವುದು ಅಪರೂಪ, ಹಾಗಾಗಿ ಅವನ ಓಟ ಹೆಚ್ಚೂಕಡಿಮೆ ಎಲ್ಲವೂ ದಂಡ. ಸೀಸನ್ ಪೂರ್ತಿ ದಂಡಕ್ಕೆ ಓಡುವುದನ್ನು ಹದಿನಾರು ವರ್ಷದವನಿಗೆ ಹೇಗೆ ಒಪ್ಪಿಸಿದರೋ, ನನಗೆ ಇವತ್ತಿಗೂ ಆಶ್ಚರ್ಯ. ನನ್ನಿಂದ ಅವನಿಗೆ ಊಟದ ತಟ್ಟೆ ಸಿಂಕಿಗೆ ಹಾಕುವುದನ್ನು ಒಪ್ಪಿಸಲಾಗಿರಲಿಲ್ಲ.

ಕೊನೆಯಲ್ಲಿ ಇನ್ನೊಂದು ವಿಚಿತ್ರ. ಕೋಚ್ "ಒಬ್ಬ ಬಿದ್ದ" ಎಂದರು. ಒಬ್ಬ ಹುಡುಗ ನೆಲದ ಮೇಲೆ ಮಲಗಿದ. ಕ್ಯಾಚರ್, ಅಂದರೆ ಈ ಆಟದ ವಿಕೆಟ್‌ಕೀಪರ್, ಮಂಡಿಯೂರಿ ಅವನ ತಲೆ ಅಲುಗಾಡದಂತೆ ಎರಡು ಕೈಯಲ್ಲಿ ಹಿಡಿದ. ಒಬ್ಬ ಫೋನ್ ತೆಗೆದ. ಒಬ್ಬ ಐಸ್‌ಗೆ ಓಡಿದ, ಒಬ್ಬ ಶಾಲೆಯ ನರ್ಸ್ ಕೋಣೆಯ ಕಡೆಗೆ. ಉಳಿದವರು ಬೆನ್ನು ತಿರುಗಿಸಿ ಸುತ್ತ ನಿಂತರು. ನನ್ನ ಮಗ ಜಿಮ್‌ನ ಬಾಗಿಲಿಗೆ ಓಡಿ ಅದನ್ನು ಪೂರಾ ತೆರೆದು ಹಿಡಿದ. ಮೈದಾನದಲ್ಲಾದರೆ ಅದು ಪಾರ್ಕಿಂಗ್ ಕಡೆಯ ಗೇಟ್. ಮಲಗಿದ್ದವನು ನಗು ತಡೆಯುತ್ತಿದ್ದ. ನಾವೂ ಸಹ.

ಏಪ್ರಿಲ್ ಹೊತ್ತಿಗೆ ಹೊರಗೆ ಬಂದೆವು. ಪಕ್ಕದವರು ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆಯುತ್ತಿದ್ದರು, ನಾನು ಹೆಕ್ಕಿ ಬಕೆಟ್ಟಿಗೆ ತುಂಬುತ್ತಿದ್ದೆ. "ಮೊಣಕೈ ಮಡಚಬ್ಯಾಡ ಅಂತ ಹತ್ತು ವರ್ಷ ಬೈಸ್ಕೊಂಡೇನ್ರಿ," ಎನ್ನುತ್ತಿದ್ದರು, "ಇವ್ರು ಮಡಚು ಅಂತಾರ. ನಮ್ಮ ಕೋಚ್ ನೋಡಿದ್ರ ಎದಿ ಒಡ್ಕೊಂತಿದ್ರು." ಹುಡುಗರು ಒಂದೇ ವಾರದಲ್ಲಿ ಅವರನ್ನು ಹಚ್ಚಿಕೊಂಡರು. ನನ್ನ ಮಗ ಅಂಕಲ್ ಎನ್ನುವುದನ್ನು ಕೇಳಿ ಇಡೀ ತಂಡ ಅಂಕಲ್ ಎನ್ನತೊಡಗಿತು. ಆರಡಿ ಎತ್ತರದ, ಚಿನ್ನದ ಬಣ್ಣದ ಕೂದಲಿನ ಹುಡುಗರು ಸಾಲಾಗಿ ನಿಂತು "ಅಂಕಲ್, ಒನ್ ಮೋರ್" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಕೆಲಸ ಹೋದ ದಿನದಿಂದ ಆ ಮುಖ ನಾನು ಕಂಡಿರಲಿಲ್ಲ.

ಎಸೆಯುವವರ ಮುಂದೆ ಒಂದು ತಡೆ ಇರುತ್ತದೆ. ಪೈಪಿನ ಚೌಕಟ್ಟಿಗೆ ಬಲೆ ಕಟ್ಟಿ, ಮೇಲಿನ ಒಂದು ಮೂಲೆಯನ್ನು ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಿಂದ ಎಸೆದು, ಎಸೆದ ಕ್ಷಣವೇ ಬಲೆಯ ಹಿಂದಕ್ಕೆ ಸರಿಯಬೇಕು. ಕೋಚ್ ಇದನ್ನು ಮೊದಲ ದಿನವೇ ಮಾಡಿ ತೋರಿಸಿದ್ದರು. ಪಕ್ಕದವರು ತಲೆಯಾಡಿಸಿ ಹಾಗೆಯೇ ಮಾಡುತ್ತಿದ್ದರು. ಆದರೆ ಕ್ರಿಕೆಟ್ ಬೌಲರ್‌ನ ಮೈ ಚೆಂಡು ಬಿಟ್ಟ ಮೇಲೆ ನಿಲ್ಲುವುದಿಲ್ಲ. ಓಡಿಬಂದ ವೇಗದಲ್ಲೇ ಬ್ಯಾಟುಗಾರನ ಕಡೆಗೆ ಎರಡು ಮೂರು ಹೆಜ್ಜೆ ಹೋಗುತ್ತದೆ. ಹುಷಾರಾಗಿ ಎಸೆಯುವಷ್ಟು ದಿನ ಅದು ಅಡಗಿಕೊಂಡಿತ್ತು. ಆ ಮಧ್ಯಾಹ್ನ ಬಿಸಿಲು ಬಂದಿತ್ತು, ಮೊದಲ ಸಲ ಅರವತ್ತು ಡಿಗ್ರಿ ದಾಟಿತ್ತು. ಅವರು ಜಾಕೆಟ್ ತೆಗೆದು ಹುಲ್ಲಿನ ಮೇಲೆ ಹಾಕಿದರು. ಬ್ಯಾಟ್ ಹಿಡಿದಿದ್ದವನು ನನ್ನ ಮಗ. "ತಮ್ಮಾ, ಈಗ ಸ್ವಲ್ಪ ಜೋರ ಒಗಿತೀನಿ, ನೋಡು," ಎಂದರು.

ಎಸೆದರು. ತೋಳು ಸುತ್ತಿ ಕೆಳಗಿಳಿಯಿತು, ಎರಡು ಹೆಜ್ಜೆ ಮುಂದೆ ಬಂದರು, ಬಲೆಯಿಂದಾಚೆ. ಎಷ್ಟು ಚೆನ್ನಾಗಿದೆ ಎಂದುಕೊಂಡೆ. ಹೊಟ್ಟೆ ಬಂದ ಮಧ್ಯವಯಸ್ಸಿನ ಮನುಷ್ಯನೊಳಗೆ ಹುಬ್ಬಳ್ಳಿಯ ಆ ಹುಡುಗ ಕಂಡ. ಎರಡನೆಯದಕ್ಕೂ ಹಾಗೆಯೇ ಬಂದರು. ಆಗ ಹೇಳಬೇಕು ಅನ್ನಿಸಿತು. ಅವರ ಖುಷಿಗೆ ಅಡ್ಡ ಬರುವುದೇಕೆ, ಮುಂದಿನದಾದ ಮೇಲೆ ಹೇಳೋಣ ಎಂದುಕೊಂಡೆ.

ಮೂರನೆಯದನ್ನು ಎಸೆದಾಗ ಅವರಿಗೂ ಬ್ಯಾಟಿಗೂ ನಡುವೆ ನಲವತ್ತು ಅಡಿ ಇತ್ತು.

ಅವರು ಹಿಂದಕ್ಕೆ ಬೀಳಲಿಲ್ಲ, ಇದ್ದಲ್ಲೇ ಕುಸಿದರು. ಕೋಚ್ ಮೈದಾನದ ಆಚೆ ತುದಿಯಲ್ಲಿ ಇನ್ನೊಂದು ಗುಂಪಿನೊಂದಿಗೆ ಇದ್ದರು. ಅವರು ಓಡಿ ತಲುಪುವ ಮೊದಲೇ ಎಲ್ಲ ನಡೆಯುತ್ತಿತ್ತು. ಕ್ಯಾಚರ್ ಹುಡುಗ ಮಂಡಿಯೂರಿ ಅವರ ತಲೆಯನ್ನು ಎರಡು ಕೈಯಲ್ಲಿ ಹಿಡಿದಿದ್ದ. "ಡೋಂಟ್ ಮೂವ್, ಅಂಕಲ್. ಐ ಗಾಟ್ ಯೂ, ಅಂಕಲ್." ಒಬ್ಬ ಫೋನಿನಲ್ಲಿ ಶಾಲೆಯ ವಿಳಾಸವನ್ನು ನಿಧಾನವಾಗಿ ಎರಡು ಸಲ ಹೇಳುತ್ತಿದ್ದ. ಒಬ್ಬ ಐಸ್‌ಗೆ, ಒಬ್ಬ ನರ್ಸ್‌ಗೆ. ಉಳಿದವರು ಬೆನ್ನು ತಿರುಗಿಸಿ ಗೋಡೆಯಂತೆ ನಿಂತಿದ್ದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮಾರ್ಚ್ ಪೂರ್ತಿ ಚೆಂಡಿಲ್ಲದೆ ಆಡಿದ್ದ ಆಟಕ್ಕೆ ಆ ದಿನ ಚೆಂಡು ಬಂದಿತ್ತು.

ನನ್ನ ಮಗ? ಬ್ಯಾಟನ್ನು ನೆಲಕ್ಕೆ ಹಾಕಿ ಗೇಟಿನ ಕಡೆಗೆ ಓಡಿದ್ದ. ಹೊಡೆದವನು ಅವನೇ. ಆದರೂ ಅವನ ಜಾಗ ಗೇಟ್, ಅಲ್ಲಿಗೇ ಹೋದ. ಸರಪಳಿ ಬಿಚ್ಚಿ, ಎರಡೂ ಬಾಗಿಲು ತಳ್ಳಿ, ರಸ್ತೆಯಲ್ಲಿ ನಿಂತು ಆಂಬುಲೆನ್ಸ್‌ಗೆ ಎರಡು ಕೈಯೆತ್ತಿ ದಾರಿ ತೋರಿಸಿದ.

ನಾನು ಏನು ಮಾಡುತ್ತಿದ್ದೆ ಎಂಬುದನ್ನು ಹೇಳಬೇಕು. ನಾನು ಚೆಂಡು ಹೆಕ್ಕುತ್ತಿದ್ದೆ. ಒಂದೊಂದಾಗಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದೆ. ಹುಲ್ಲಿನ ಮೇಲೆ ಒಂದೂ ಉಳಿಯದಂತೆ ಹೆಕ್ಕಿ ಮುಚ್ಚಳ ಹಾಕಿದೆ. ಕೋಚ್ ಬಂದು ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು, ನೀವು ಅವರ ಜೊತೆ ಹೋಗಿ ಎಂದಾಗಲೇ ನನಗೆ ಎಚ್ಚರವಾದದ್ದು.

ಆಂಬುಲೆನ್ಸ್ ಹತ್ತುವಾಗ ಗೇಟಿನ ಕಡೆ ನೋಡಿದೆ. ವಾಹನ ಹೊರಗೆ ಹೋಗುವವರೆಗೆ ಮಗ ಬಾಗಿಲು ಹಿಡಿದು ನಿಂತಿದ್ದ. ಹಿಂದಿನ ಕಿಟಕಿಯಿಂದ ಕಂಡಿತು, ಬಾಗಿಲು ಮುಚ್ಚಿ, ಸರಪಳಿ ಹಾಕಿ, ಆಮೇಲೆ ಅಲ್ಲೇ ನೆಲದ ಮೇಲೆ ಕೂತ.

ಕಣ್ಣಿನ ಸುತ್ತಲಿನ ಮೂಳೆ ಬಿರುಕು ಬಿಟ್ಟಿತ್ತು. ಕಣ್ಣಿನೊಳಗೆ ರಕ್ತ ಇಳಿದಿತ್ತು. ದೃಷ್ಟಿ ಉಳಿಯುತ್ತದೆಯೇ ಎಂದರೆ ಒಂದೆರಡು ವಾರ ಕಾಯಬೇಕು ಎಂದರು ಡಾಕ್ಟರು. ಕಾರಿಡಾರಿನಲ್ಲಿ ಅವರ ಹೆಂಡತಿ ನನ್ನ ಎದುರು ಬಂದು ನಿಂತಾಗ, ಕರೆದುಕೊಂಡು ಹೋದವನು ನಾನು ಎಂಬ ಮಾತನ್ನು ನಾನೇ ಹೇಳಿಬಿಟ್ಟೆ. ಆಕೆ ಲಿಫ್ಟಿನ ಕಡೆ ಕೈ ತೋರಿಸಿದರು.

"ಅಣ್ಣಾರ, ನೀವು ಕರೀಲಿಲ್ಲಂದ್ರ ನಾ ಅವರ್ನ ಗ್ಯಾರೇಜಿಗೆ ಮೂರನೇ ಸಲ ಕಳಸ್ತಿದ್ದೆ. ಈಗ ಮೊದ್ಲ ಹೋಗಿ ಹುಡುಗನ ನೋಡ್ರಿ."

ಹುಡುಗ ಮನೆಯಲ್ಲಿ ಮೆಟ್ಟಿಲ ಮೇಲೆ ಯೂನಿಫಾರ್ಮಿನಲ್ಲೇ ಕೂತಿದ್ದ. ಅಂಕಲ್ ಕಣ್ಣು ಹೋದರೆ ತಾನು ಇನ್ನೆಂದೂ ಬ್ಯಾಟ್ ಮುಟ್ಟುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅದರಲ್ಲಿ ನಿನ್ನ ತಪ್ಪೇನಿದೆ, ಚೆಂಡು ಹೊಡೆಯುವುದೇ ಅಲ್ಲವೇ ನಿನ್ನ ಕೆಲಸ ಎಂದೆ.

"ಐ ಸಾ ಹಿಮ್, ಅಪ್ಪಾ," ಎಂದ. "ಹಿ ವಾಸ್ ಔಟ್ ಫ್ರಂಟ್. ಐ ಸಾ ಹಿಮ್ ಅಂಡ್ ಐ ಸ್ವಂಗ್."

ನಾನೂ ನೋಡಿದ್ದೆ ಎಂದು ಅವನಿಗೆ ಆಗ ಹೇಳಲಿಲ್ಲ. ಹೇಳಬೇಕಿತ್ತು.

ಮರುದಿನ ಅವನು ಅಭ್ಯಾಸಕ್ಕೆ ಹೋದ, ಆದರೆ ಬ್ಯಾಟ್ ಹಿಡಿಯಲಿಲ್ಲ. ಕೋಚ್ ಒತ್ತಾಯ ಮಾಡಲಿಲ್ಲ, ಸಮಾಧಾನದ ಭಾಷಣವನ್ನೂ ಮಾಡಲಿಲ್ಲ. ಪಂದ್ಯಗಳಲ್ಲಿ ಅವನ ಸರದಿ ಬಂದಾಗ ಇನ್ನೊಬ್ಬ ಹೊಡೆಯುವಂತೆ ಪಟ್ಟಿ ಬರೆದರು, ಅದಕ್ಕೆ ನಿಯಮದಲ್ಲಿ ಅವಕಾಶವಿದೆ. ಮಗ ಬಲಮೂಲೆಯಲ್ಲಿ ನಿಂತು, ಪ್ರತಿ ಎಸೆತಕ್ಕೂ ಮೊದಲ ಬೇಸ್‌ನ ಹಿಂದಕ್ಕೆ ಓಡಿದ, ವಾಪಸ್ ನಡೆದ, ಮತ್ತೆ ಓಡಿದ. ಒಂದು ಪಂದ್ಯದಲ್ಲಿ ಕೊನೆಯ ಸುತ್ತಿನಲ್ಲಿ ಎಸೆತ ತಪ್ಪಿತು. ಎದುರು ತಂಡದ ಹುಡುಗ ಅವಕಾಶ ಸಿಕ್ಕಿತೆಂದು ಎರಡನೇ ಬೇಸ್ ಕಡೆ ಹೊರಟ. ನನ್ನ ಮಗ ಅಲ್ಲೇ ಇದ್ದ, ಮಾರ್ಚ್‌ನಿಂದ ಅಲ್ಲೇ ಇದ್ದವನಂತೆ. ಹಿಡಿದು ಎಸೆದ, ಆ ಹುಡುಗ ಔಟ್ ಆದ, ಪಂದ್ಯ ಮುಗಿಯಿತು. ಕ್ಯಾಚರ್ ಬಂದು ಅವನ ಟೋಪಿಯನ್ನು ಕಣ್ಣಿನ ಮೇಲೆ ಎಳೆದ. ಮಗ ನಕ್ಕ, ಆದರೆ ಬ್ಯಾಟುಗಳ ರ‍್ಯಾಕ್ ಹತ್ತಿರ ಹೋಗಲಿಲ್ಲ.

ಆಸ್ಪತ್ರೆಯಿಂದ ಬಂದ ಪಕ್ಕದವರು ತಲೆಯೆತ್ತರಿಸಿ ಕುರ್ಚಿಯಲ್ಲೇ ಮಲಗಬೇಕಿತ್ತು. ಓದುವಂತಿಲ್ಲ, ಬಗ್ಗುವಂತಿಲ್ಲ. ಹುಡುಗರು ದಿನಕ್ಕಿಬ್ಬರಂತೆ ಬಂದು ಹೋಗುತ್ತಿದ್ದರು. ಯಾರು ಯಾವ ದಿನ ಎಂದು ಅವರವರೇ ಪಟ್ಟಿ ಮಾಡಿಕೊಂಡಿದ್ದರಂತೆ. ಬಂದವರು ಹಿತ್ತಿಲಿನ ಹುಲ್ಲು ಕತ್ತರಿಸಿದರು, ಕಸದ ಡಬ್ಬ ರಸ್ತೆಗೆ ಎಳೆದಿಟ್ಟರು, ಆಕೆ ಕೊಟ್ಟ ಚಕ್ಕುಲಿ ತಿಂದು ಡಬ್ಬ ಖಾಲಿ ಮಾಡಿದರು. ನನ್ನ ಮಗ ಮಾತ್ರ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದ.

ಮೂರನೆಯ ವಾರ ಡಾಕ್ಟರು ಕಣ್ಣು ಉಳಿಯಿತು ಎಂದರು. ಕೆಲವು ದಿನ ಒಂದು ವಸ್ತು ಎರಡಾಗಿ ಕಾಣಬಹುದು, ಆಮೇಲೆ ಸರಿಹೋಗುತ್ತದೆ. ಸುದ್ದಿ ಹೇಳಿದೆ. ಮಗ ಉಸಿರು ಬಿಟ್ಟ. "ಹಾಗಾದ್ರೆ ನಾಳೆ ಬ್ಯಾಟ್ ಹಿಡೀತೀಯಾ?" ಎಂದೆ. "ಐ ಡೋಂಟ್ ನೋ, ಅಪ್ಪಾ." ಅವರ ಕಣ್ಣು ಉಳಿದಿತ್ತು, ಇವನ ಕೈ ಇನ್ನೂ ಉಳಿದಿರಲಿಲ್ಲ. ಅದನ್ನು ಹೋಗಿ ಪಕ್ಕದವರಿಗೆ ಹೇಳಿದೆ.

"ಹಂಗಾರ ನಾನ ಒಗೀಬೇಕಾತು," ಎಂದರು.

"ಏನ್ ಒಗಿತೀರಿ?" ಒಳಗಿನಿಂದ ಹೆಂಡತಿಯ ದನಿ. "ಒಂದು ಹುಡುಗ ಇಬ್ಬರಾಗಿ ಕಾಣಸ್ತಾನ ನಿಮಗ. ಯಾವ ಹುಡುಗಗ ಒಗಿತೀರಿ?"

"ಇಬ್ಬರಿಗೂ ಒಗದ್ರಾತು ಬಿಡು."

ಎಲ್ಲ ಸರಿಯಾಗಿ ಒಂದಾಗಿ ಕಾಣುವವರೆಗೆ ಆಕೆ ಬಿಡಲಿಲ್ಲ. ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಗಂಡನ ಜೊತೆ ತಾನೂ ಬಂದರು, ಸೀರೆಯ ಮೇಲೆ ಗಂಡನ ಆಫೀಸಿನ ಜಾಕೆಟ್. ಎರಡು ಷರತ್ತು: ಕ್ಯಾಚರ್‌ನ ಮುಖವಾಡ ಹಾಕಿಕೊಳ್ಳಬೇಕು, ತಾನು ಬೇಲಿಯ ಹತ್ತಿರ ನಿಲ್ಲಬೇಕು. ಕೋಚ್ ಎರಡಕ್ಕೂ ಒಪ್ಪಿ, ತಾವೇ ಮುಖವಾಡದ ಪಟ್ಟಿ ಬಿಗಿದರು.

ಮಗನ ಕೈಗೆ ಬ್ಯಾಟನ್ನು ಕ್ಯಾಚರ್ ಕೊಟ್ಟ. ಅವನು ತೆಗೆದುಕೊಂಡು ನಿಂತ. ಮೊದಲ ಚೆಂಡು ಬಂತು, ಬೀಸಲಿಲ್ಲ. ಪಕ್ಕದವರ ಕಾಲು ತನ್ನಷ್ಟಕ್ಕೆ ಮುಂದಕ್ಕೆ ಹೊರಟಿತು.

"ಹಿಂದ ಸರೀರಿ!" ಬೇಲಿಯಿಂದ ಕೂಗು ಬಂತು. ಅವರು ಬೆಚ್ಚಿ ಬಲೆಯ ಹಿಂದಕ್ಕೆ ಹಾರಿದರು.

ಎರಡನೆಯ ಚೆಂಡು. "ಹಿಂದ!" ಮೂರನೆಯದು. "ಹಿಂದ!" ನಾಲ್ಕನೆಯದಕ್ಕೆ ಸಾಲಿನಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬ ಆಕೆಯ ಜೊತೆ ಕೂಗಿದ. ಐದನೆಯದಕ್ಕೆ ಎಲ್ಲರೂ ಕೂಗಿದರು, "ಹಿಂದ!" ಪದದ ಅರ್ಥ ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಕೂಗಿದಾಗಲೆಲ್ಲ ಅಂಕಲ್ ಹಿಂದೆ ಸರಿಯುತ್ತಿದ್ದರು, ಅಷ್ಟೇ.

ಮಗ ಒಂದಕ್ಕೂ ಬೀಸಿರಲಿಲ್ಲ. ಹತ್ತೋ ಹನ್ನೆರಡೋ ಚೆಂಡು ಹಾಗೆಯೇ ಹೋದವು. ಪಕ್ಕದವರು ಬಲೆಯ ಹಿಂದಿನಿಂದ ಮುಖವಾಡ ಎತ್ತಿ ಹೇಳಿದರು, "ತಮ್ಮಾ, ನನ್ನ ತೋಳು ಹಳೇದೈತಿ. ಎಷ್ಟಂತ ಒಗೀಲಿ? ಇಲ್ಲೇ ನಿಂತೇನಿ ನೋಡು, ಹಿಂದ. ನೀ ನೋಡಿ ಹೊಡಿ."

ನೋಡಿ ಹೊಡಿ ಎಂದರು. ನಾನು ಮಾಡಬೇಕಿದ್ದ ಕೆಲಸವೂ ಅಷ್ಟೇ ಇತ್ತಲ್ಲವೇ, ನೋಡಿ ಹೇಳುವುದು?

ಎಸೆದರು. ಇಡೀ ಮೈದಾನ ಕೂಗಿತು. ಆ ಕೂಗಿನಲ್ಲಿ ಈ ಸಲ ನನ್ನ ದನಿಯೂ ಇತ್ತು. ಅವರು ಸರಿದರು. ಸರಿದದ್ದನ್ನು ಮಗ ನೋಡಿದ, ಅವನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಬೀಸಿದ. ಟಣ್. ಚೆಂಡು ಅದೇ ದಾರಿಯಲ್ಲಿ, ಅದೇ ಎತ್ತರದಲ್ಲಿ ಹೋಗಿ ಬಲೆಗೆ ಬಡಿಯಿತು. ಬಲೆ ಅವರ ಮೂಗಿನವರೆಗೆ ಉಬ್ಬಿ ಹಿಂದಕ್ಕೆ ಬಂತು, ಚೆಂಡು ಹುಲ್ಲಿಗೆ ಬಿತ್ತು. ಎರಡನೆಯ ಶಬ್ದ ಬರಲಿಲ್ಲ. ನಾನು ಬಕೆಟ್ಟಿನ ಮೇಲೆ ಕೂತುಬಿಟ್ಟೆ.

"ಮೈಸೂರವ್ರ," ಮುಖವಾಡದೊಳಗಿಂದ ದನಿ ಬಂತು, "ಕುಂತ್ರ ಚೆಂಡು ಯಾರು ಹೆಕ್ಕವ್ರು?"

ಆ ವರ್ಷ ತಂಡ ಜಿಲ್ಲೆಯ ಮಟ್ಟದಲ್ಲಿ ಗೆದ್ದು ಮುಂದಿನ ಹಂತದಲ್ಲಿ ಸೋತಿತು. ಮಗ ಕೊನೆಯ ಕೆಲವು ಪಂದ್ಯಗಳಲ್ಲಿ ಬ್ಯಾಟ್ ಮಾಡಿದ, ಚೆನ್ನಾಗಿಯೇ ಮಾಡಿದ. ಆ ಬೇಸಿಗೆಯಲ್ಲೇ ಒಂದು ಸಂಜೆ ಮೆಟ್ಟಿಲ ಮೇಲೆ ಕೂತು, ನಾನೂ ನೋಡಿದ್ದೆ ಎಂದು ಅವನಿಗೆ ಹೇಳಿದೆ. ಅವನು, ಹಾಗಾದರೆ ನಿನ್ನ ಜಾಗ ಬಲೆಯ ಪಕ್ಕ ಇರಬೇಕಿತ್ತು ಅಪ್ಪಾ, ಅಷ್ಟು ದೂರ ಅಲ್ಲ ಎಂದ. ಬೈಗುಳವಾಗಿ ಅಲ್ಲ. ಕೋಚ್ ಹೇಳುವ ದನಿಯಲ್ಲಿ, ಮುಂದಿನ ಸಲಕ್ಕೆ ಎಂಬಂತೆ.

ಮುಂದಿನ ವರ್ಷ ಪೂರ್ತಿ ನಾನು ಬಲೆಯ ಪಕ್ಕದಲ್ಲಿ ನಿಂತೆ. ಎಸೆಯುವವರು ಯಾರೇ ಇರಲಿ, ಪ್ರತಿ ಎಸೆತಕ್ಕೂ ಒಂದೇ ಮಾತು ಹೇಳುತ್ತಿದ್ದೆ. ಸಾವಿರಾರು ಸಲ ಹೇಳಿರಬೇಕು. ಒಂದು ಸಲವೂ ಅದರ ಅಗತ್ಯ ಬೀಳಲಿಲ್ಲ. ಹುಡುಗರು ಮಾತ್ರ ನನ್ನ ಜೊತೆ ಸೇರಿ, ಹುಬ್ಬಳ್ಳಿಯ ಉಚ್ಚಾರಣೆಯಲ್ಲೇ, ಕೂಗುವುದನ್ನು ಬಿಡಲಿಲ್ಲ.